ಸಾಲಿನಲ್ಲಿ ನಿಂತ ಅವ್ವ

ನಮ್ಮ ಮನೆಯ ಪಡಸಾಲೆ ಯಾರದು ಎಂಬುದು ನನಗೆ ಒಂಬತ್ತು ವರ್ಷವಾದರೂ ತಿಳಿದಿರಲಿಲ್ಲ. ಉಮರ್ಗಾ ಪೇಟೆಯಲ್ಲಿ ರಸ್ತೆಗೆ ಮುಖ ಮಾಡಿ ಅಪ್ಪನ ಬಟ್ಟೆ ಅಂಗಡಿ, ಹಿಂದೆ ಅಡುಗೆಮನೆ, ದೇವರಮನೆ, ಮಲಗುವ ಒಂದು ಕೋಣೆ. ಇವುಗಳ ನಡುವೆ ಉದ್ದನೆಯ ಪಡಸಾಲೆ. ಅದರ ಗೂಡುಗಳಲ್ಲಿ ನಮ್ಮ ಸಾಮಾನು ಇರುತ್ತಿರಲಿಲ್ಲ. ಮಂಡಳದ ಹಿತ್ತಾಳೆ ಗಂಟೆ, ಮಂಡಳದ ಬ್ಯಾನರು, ಮಂಡಳದ ಜಮಖಾನೆ, ಮಂಡಳದ ಸ್ಟೀಲ್ ಲೋಟಗಳು. ನನ್ನ ಶಾಲೆಯ ಪುಸ್ತಕಗಳಿಗೆ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಜಾಗ ಸಿಕ್ಕಿತ್ತು. ನನ್ನ ಮರಾಠಿ ಪಾಠಪುಸ್ತಕವನ್ನು ಮಾಸ್ತರರು ಕೈಗೆ ತೆಗೆದುಕೊಂಡರೆ ಮೊದಲು ಹಿಟ್ಟು ಜಾಡಿಸಿ ಆಮೇಲೆ ಓದಲು ಹೇಳುತ್ತಿದ್ದರು. ಮಂಡಳ ಎಂದರೆ ಪೇಟೆಯ ವ್ಯಾಪಾರಿಗಳೂ ಒಂದಿಬ್ಬರು ಮಾಸ್ತರರೂ ಸೇರಿ ಕಟ್ಟಿಕೊಂಡಿದ್ದ ಸೇವಾಸಂಸ್ಥೆ. ಅಪ್ಪ ಅದರ ಅಧ್ಯಕ್ಷ. ಒಂದು ವರ್ಷಕ್ಕೆಂದು ಅಧ್ಯಕ್ಷನಾದವನು ಆರು ವರ್ಷವಾದರೂ ಇಳಿದಿರಲಿಲ್ಲ, ಯಾರೂ ಇಳಿಸುವ ಮಾತೂ ಆಡಿರಲಿಲ್ಲ. ಅಂಥ ಕೆಲಸವನ್ನು ಅಷ್ಟು ಪ್ರೀತಿಯಿಂದ ಮಾಡುವವನು ಸಿಕ್ಕರೆ ಯಾರು ತಾನೇ ಬಿಟ್ಟಾರು.

ಬೇರೆ ಊರಿನ ಮಂಡಳಗಳು ಹಣ ಕೂಡಿಸಲು ಆರ್ಕೆಸ್ಟ್ರಾ ಕರೆಸುತ್ತಿದ್ದವು, ಲಾಟರಿ ಚೀಟಿ ಮಾರುತ್ತಿದ್ದವು. ಅಪ್ಪನಿಗೆ ಅದು ಸೇರುತ್ತಿರಲಿಲ್ಲ. ನಮ್ಮಂಥ ಶಿವಭಕ್ತರ ಮನೆಗಳಿಗೆ ಜಂಗಮರು ಜೋಳಿಗೆ ಹಿಡಿದು ಬರುವುದನ್ನು ನೋಡುತ್ತ ಬೆಳೆದವನು ಅವನು. ಅದೇ ಜೋಳಿಗೆಯನ್ನು ಮಂಡಳದ ಹೆಗಲಿಗೆ ಹಾಕಿದ. ಸುಗ್ಗಿ ಮುಗಿದು ಅಡತಿ ಅಂಗಡಿಗಳ ಮುಂದೆ ತೊಗರಿ, ಜೋಳದ ರಾಶಿ ಬಿದ್ದಾಗ ಸದಸ್ಯರೆಲ್ಲ ಕಾವಿ ಜೋಳಿಗೆ ಹೆಗಲಿಗೇರಿಸಿ ಉಮರ್ಗಾದಲ್ಲಿ, ಮುರುಮದಲ್ಲಿ, ಲೋಹಾರಾದ ಸಂತೆಯಲ್ಲಿ ಬರಿಗಾಲಿನಲ್ಲಿ ತಿರುಗುತ್ತಿದ್ದರು. ಅಪ್ಪನ ಗೆಳೆಯ ಪಾಟೀಲ ಕಾಕಾ ದೊಡ್ಡ ಧಾನ್ಯದ ವ್ಯಾಪಾರಿ. ಅವರು ತಮ್ಮದೇ ಅಂಗಡಿಯ ಮುಂದೆ ನಿಂತು ತಮ್ಮದೇ ಮುನೀಮನ ಹತ್ತಿರ ಬೊಗಸೆ ಕಾಳು ಬೇಡುವುದನ್ನು ನೋಡಲು ಜನ ಸೇರುತ್ತಿತ್ತು. ಬಂದ ಕಾಳು ಮಾರಿ ಕಣ್ಣಿನ ಶಿಬಿರ. ಆ ಜೋಳಿಗೆಗಳನ್ನು ಹೊಲಿದವಳು ಅವ್ವ. ಹೊರಡುವ ಮೊದಲು ಪಡಸಾಲೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಅಪ್ಪ ಒಂದು ಮಾತು ಹೇಳುತ್ತಿದ್ದ, ಪ್ರತಿವರ್ಷ, ಅದೇ ಮಾತು:

"ಜೋಳಿಗಿ ಹಿಡದವ್ನ ಮನಿಗಿ ಇದರಾಗಿಂದು ಒಂದು ಕಾಳ ಸುದ್ದಾ ಬರಬಾರ್ದು. ಬಂತಂದ್ರ ಅದು ಕಳುವು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಎದೆಯುಬ್ಬುತ್ತಿತ್ತು. ನನ್ನಪ್ಪನಂಥ ಮನುಷ್ಯ ನಿಲಂಗಾದಲ್ಲಿಲ್ಲ, ಉದಗೀರದಲ್ಲಿಲ್ಲ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ತಿಂಗಳಿಗೊಮ್ಮೆ ಪಡಸಾಲೆಯಲ್ಲಿ ಸಭೆ ಮತ್ತು ಊಟ. ಕೆಲವು ಸಲ ನಿಲಂಗಾ, ಉದಗೀರದ ಮಂಡಳದವರೂ ಹೆಂಡಿರೊಂದಿಗೆ ಬರುತ್ತಿದ್ದರು. ಅಪ್ಪ ಗಂಟೆ ಬಾರಿಸುತ್ತಿದ್ದ, ಎಲ್ಲರೂ ಎದ್ದು ಪ್ರಾರ್ಥನೆ ಹೇಳುತ್ತಿದ್ದರು, ಆಮೇಲೆ ವಾದ, ಆಮೇಲೆ ನಗು, ಆಮೇಲೆ ಎಣ್ಣೆಗಾಯಿ, ರೊಟ್ಟಿ, ಶೇಂಗಾದ ಹೋಳಿಗೆ. ಅವ್ವ ಬಸವಕಲ್ಯಾಣದ ಹೆಣ್ಣು. ಅವಳ ಹೋಳಿಗೆಗಾಗಿಯೇ ಸಭೆಗೆ ಬರುವವರಿದ್ದರು. ಅವಳಿಗೆ ಮರಾಠಿ ಅಷ್ಟಾಗಿ ಬರುತ್ತಿರಲಿಲ್ಲ, ಹಾಗಾಗಿ ಮಾತಿಗೆ ಬದಲು ಇನ್ನೊಂದು ಹೋಳಿಗೆ ಬಡಿಸುತ್ತಿದ್ದಳು. ಆದರೆ ನನಗೆ ನೆನಪಿರುವ ಆ ವರ್ಷ ಅವಳು ಬಡಿಸಲು ಬಂದಳೆಂದರೆ ಏನಾದರೂ ಬೀಳುತ್ತಿತ್ತು. ಪಕ್ಕದಲ್ಲಿಟ್ಟ ಲೋಟ ಒದೆಯುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದಳು. ಒಮ್ಮೆ ಪಾಟೀಲ ಕಾಕಾನ ಬಿಳಿ ಧೋತರದ ಮೇಲೆ ಚಹಾದ ತಾಟು ಪೂರ್ತಿ ಮಗುಚಿತು. ಕಾಕಾ ಒಳ್ಳೆಯ ಮನುಷ್ಯ, ನಕ್ಕುಬಿಟ್ಟರು.

"ವೈನಿ, ನಮಗ ಚಹಾ ಕುಡಸ್ತೀರೋ, ಚಹಾದಾಗ ಜಳಕಾ ಮಾಡಸ್ತೀರೋ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಉದಗೀರದ ಹೆಂಗಸರ ಮುಂದೆ ನನಗೆ ನಾಚಿಕೆಯಾಗಿ ನಾನು ಅವ್ವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬೈದೆ.

"ನಿಂದು ಲಕ್ಷ್ಯ ಎಲ್ಲಿರ್ತದವ್ವಾ? ಅಷ್ಟು ದೊಡ್ಡ ಮನ್ಷಾ ಕೂತಾರ, ನಿನಗ ಕಾಣಾಂಗಿಲ್ಲೇನು?"

"ಕಾಣ್ಲೇ ಇಲ್ಲ ನೋಡು ಕೂಸ," ಎಂದಳು ಅವ್ವ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ನಾನು ಅದನ್ನು ನೆಪ ಎಂದುಕೊಂಡೆ. ಯಾಕೆಂದರೆ ಅದೇ ಅವ್ವ ಮಧ್ಯಾಹ್ನ ಕೂತು ಶಿಬಿರಕ್ಕೆಂದು ಹಸಿರು ಬಟ್ಟೆಯ ಕಣ್ಣುಪಟ್ಟಿಗಳನ್ನು ಹೊಲಿಯುತ್ತಿದ್ದಳು, ಒಂದೇ ಸಲಕ್ಕೆ ಸೂಜಿಗೆ ದಾರ ಏರಿಸುತ್ತಿದ್ದಳು. ಅಕ್ಕಿಯಲ್ಲಿ ನನಗೆ ಕಾಣದ ಹರಳು ಅವಳಿಗೆ ಕಾಣುತ್ತಿತ್ತು. ನೇರ ಮುಂದಿನದು ಪೂರ್ತಿ ಕಂಡು, ಬದಿಯದು ಏನೂ ಕಾಣದ ರೋಗವೊಂದಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಕಣ್ಣಿನ ಸೇವೆಯಲ್ಲೇ ಮುಳುಗಿದ್ದ ಮನೆಯಲ್ಲಿ ಕಣ್ಣು ಕೆಡುವುದೆಂದರೆ ಪೊರೆ ಬರುವ ಮೋತಿಬಿಂದು ಒಂದೇ, ಅದು ಮುದುಕರಿಗೆ ಬರುವಂಥದ್ದು, ಅದನ್ನು ಕೊಯ್ದು ತೆಗೆದರೆ ಮುಗಿಯಿತು, ಇಷ್ಟೇ ತಿಳಿವಳಿಕೆ.

ಶಿಬಿರದ ದಿನಗಳಲ್ಲಿ ಮನೆಯ ಅಡುಗೆಯೇ ಬದಲಾಗುತ್ತಿತ್ತು. ಆಪರೇಷನ್ ಆದವರು ಗಟ್ಟಿಯದನ್ನು ಅಗಿಯಬಾರದು, ಹಾಗಾಗಿ ರೊಟ್ಟಿ ಬಂದ್. ದೊಡ್ಡ ಪಾತ್ರೆಗಳಲ್ಲಿ ಶಿರಾ, ಮೆತ್ತಗೆ ಬೆಂದ ಅನ್ನ, ಖಾರವಿಲ್ಲದ ತೊಗರಿಬೇಳೆಯ ವರಣ. ನಾವೂ ಅದನ್ನೇ ಉಣ್ಣಬೇಕು. ಭೂಕಂಪವಾಗಿ ಹೊಸದಾಗಿ ಕಟ್ಟಿಕೊಂಡಿದ್ದ ಸಾಸ್ತೂರಿನ ಕಡೆಯಿಂದ ಹೆಚ್ಚು ಜನ ಬರುತ್ತಿದ್ದರು. ಮನೆಯೂ ಹೋಗಿ, ಮಂದಿಯೂ ಹೋಗಿ, ಕಣ್ಣೂ ಹೋಗುತ್ತಿದ್ದ ಮುದುಕಿಯರು. ಅವ್ವ ಅವರಿಗೆ ತುತ್ತು ಮಾಡಿ ಬಾಯಿಗಿಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹಿಂದಿನ ವರ್ಷದ ಶಿಬಿರದಲ್ಲಿ ಒಂದು ಗಲಾಟೆ ಆಗಿತ್ತು. ಸದಸ್ಯನೊಬ್ಬ ತನ್ನ ಅತ್ತೆಯನ್ನು ಹಿಂದಿನ ಬಾಗಿಲಿಂದ ಒಳಗೆ ಕಳಿಸಿ ಮೊದಲು ಆಪರೇಷನ್ ಮಾಡಿಸಿದ್ದ. ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿದ್ದವರು ಕೂಗಾಡಿದರು. "ಜೋಳಿಗಿ ನಿಮ್ಮ ಹೊಟ್ಟಿಗಾ, ಊರ ಹೊಟ್ಟಿಗಾ" ಎಂದು ಒಬ್ಬ ಮುದುಕ ಅಪ್ಪನ ಮುಖಕ್ಕೇ ಕೇಳಿದ. ಅಪ್ಪನಿಗೆ ಅದು ಬೆಂಕಿಯಂತೆ ತಾಗಿತು. ಮೈಕು ಹಿಡಿದು ಅಲ್ಲಿಯೇ ಹೇಳಿಬಿಟ್ಟ: ಇನ್ನು ಮುಂದೆ ಸದಸ್ಯರ ಮನೆಯವರು ಯಾರೂ ಈ ಸಾಲಿನಲ್ಲಿ ನಿಲ್ಲುವುದಿಲ್ಲ, ಕೊನೆಯಲ್ಲಿ ಕೂಡ ಇಲ್ಲ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವ್ವ ಕೂಡ ಸೌಟು ಕೆಳಗಿಟ್ಟು ತಟ್ಟಿದ್ದಳು.

ಈ ವರ್ಷದ ಶಿಬಿರಕ್ಕೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಅಪ್ಪ ಒಲೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದಾಗ, ಅವ್ವ ಹೇಳಿದಳು.

"ಏನ್ರೀ, ನನಗ ಮುಂದಿಂದು ಸಾಫ ಕಾಣ್ತದ. ಆಜೂಬಾಜೂ ಏನೂ ಕಾಣಾಂಗಿಲ್ಲ. ತಲಿನೂ ಭಾಳ ನೋಯ್ಲತ್ತದ."

"ಸೂಜಿಗಿ ದಾರ ಹಾಕ್ತಿ, ಮತ್ತ ಕಣ್ಣಿಗಿ ಏನ ಆಗ್ಯಾದ?"

"ಅದೇ ನನಗೂ ತಿಳಿವಲ್ದು. ಸೋಲಾಪುರದ ಡಾಕ್ಟರ್ ಬರ್ತಾರಲ್ಲ, ಒಮ್ಮಿ ತೋರ್ಸಲೇನು?"

"ಮೈಕಿನಾಗ ನಾನೇ ಹೇಳೀನಿ. ಈಗ ನನ್ನ ಹೆಂಡ್ತಿನೇ ಸಾಲಿನಾಗ ನಿಂತ್ರ ಮಂದಿ ಏನ ಅಂತಾರ?"

"ಹಂಗಾದ್ರ ಸೋಲಾಪುರಕ್ಕೇ ಕರ್ಕೊಂಡು ಹೋಗ್ರಿ."

ಅಪ್ಪ ಚಹಾದ ಬಸಿ ಕೆಳಗಿಟ್ಟ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಅದೂ ಆಗಾಂಗಿಲ್ಲ. ಶಿಬಿರ ಮಾಡೋರೇ ಹೆಂಡ್ತಿಗಿ ಸೋಲಾಪುರ ದವಾಖಾನಿಗಿ ಒಯ್ದ್ರಂದ್ರ, ಆ ಸಾಸ್ತೂರ ಮುದುಕ್ಯಾರು ನಮ್ಮ ಶಿಬಿರದ ಮ್ಯಾಲ ಹ್ಯಾಂಗ ವಿಶ್ವಾಸ ಇಡ್ತಾರ? ಮೊದಲೇ ಅಂಜ್ತಾರ. ಇದೊಂದು ಮುಗೀಲಿ, ನೋಡಾಮು."

ಹೀಗೆ ನನ್ನವ್ವನ ಕಣ್ಣು ಇಲ್ಲಿಯೂ ತೋರಿಸಬಾರದು, ಅಲ್ಲಿಯೂ ತೋರಿಸಬಾರದು ಎಂದಾಯಿತು. ಇಷ್ಟು ಪ್ರಾಮಾಣಿಕವಾದ ಮೂರ್ಖತನ ನಮ್ಮ ಮನೆಯಲ್ಲಲ್ಲದೆ ಬೇರೆಲ್ಲೂ ಹುಟ್ಟಲಿಕ್ಕಿಲ್ಲ.

ಶಿಬಿರದ ದಿನ ಶಾಲೆಯ ವರಾಂಡದಲ್ಲಿ ಸಾಲು. ಮುಂದೆ ಮೇಜು ಹಾಕಿಕೊಂಡು ಅಪ್ಪ ಕೂತಿದ್ದ, ನೀಲಿ ಕೋಟು ತೊಟ್ಟು. ಬಂದವರ ಹೆಸರು, ಊರು ಕೇಳಿ ಚೀಟಿ ಬರೆದು ಕೊಡುವುದು ಅವನ ಕೆಲಸ. ಚೀಟಿ ಇದ್ದವರಿಗೆ ಮಾತ್ರ ಒಳಗಿನ ಕೋಣೆಗೆ ಪ್ರವೇಶ. ಅಲ್ಲಿ ಡಾಕ್ಟರು ಕಣ್ಣಿಗೆ ಹನಿ ಹಾಕಿ, ಕಣ್ಣಿನ ಒತ್ತಡ ನೋಡುವ ಯಂತ್ರ ಹಚ್ಚುತ್ತಿದ್ದರು. ತಪಾಸಣೆ ಆ ಒಂದೇ ದಿನ. ಅವ್ವ ಬೆಳಿಗ್ಗೆಯೇ ಶಿರಾ ಇಳಿಸಿ, ಹಳೆಯ ಇಳಕಲ್ ಸೀರೆ ಉಟ್ಟು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ನನ್ನ ಕೈ ಹಿಡಿದಳು. ಎಡಬಲ ಕಾಣದ್ದರಿಂದ ಜನಜಂಗುಳಿಯಲ್ಲಿ ನಡೆಯಲು ಅವಳಿಗೆ ನಾನು ಬೇಕಿತ್ತು.

"ಸಾಲಿನಾಗ ಬಾಯಿ ಬಿಡಬ್ಯಾಡ. ನಾ ಹೇಳೋತನ ಸುಮ್ಮ ನಿಂದ್ರು," ಎಂದು ದಾರಿಯಲ್ಲಿ ಹೇಳಿದಳು.

ಏನೋ ಕದ್ದು ಮಾಡುತ್ತಿದ್ದೇವೆ ಎಂದಷ್ಟೇ ನನಗೆ ತಿಳಿಯಿತು. ಸಾಲು ಬೇಗ ಸರಿಯಲಿಲ್ಲ. ಬಿಸಿಲು ವರಾಂಡದ ಒಳಗೆ ಬಂತು. ನನ್ನ ಹಿಂದಿನ ಮುದುಕಿಯೊಬ್ಬಳು ಮೊಣಕೈಯಿಂದ ನನ್ನನ್ನು ಬದಿಗೆ ತಳ್ಳಿ, ಮಕ್ಕಳಿಗೆ ಇಲ್ಲೇನು ಕೆಲಸ ಎಂದು ಮರಾಠಿಯಲ್ಲಿ ಗದರಿಸಿದಳು. ನಾನು! ಅಧ್ಯಕ್ಷರ ಮಗಳು! ಆಗ ನಮ್ಮ ಮುಂದೆ ನಾಲ್ಕೇ ಹೆಂಗಸರಿದ್ದರು. ಅವರ ಆಚೆಗೆ ನೀಲಿ ಕೋಟು ಕಾಣುತ್ತಿತ್ತು. ನಾನು ಯಾರ ಮಗಳೆಂದು ಆ ಮುದುಕಿಗೆ ತೋರಿಸಬೇಕಿತ್ತು.

"ಅಪ್ಪಾ! ಅಪ್ಪಾ, ಅವ್ವಾನೂ ಬಂದಾಳ!" ಎಂದು ಕೂಗಿದೆ.

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಾಟೀಲ ಕಾಕಾ ನೋಡಿದರು. ಹಿಂದಿನ ವರ್ಷ ಅತ್ತೆಯನ್ನು ಒಳಗೆ ಕಳಿಸಿ ಮಾನ ಕಳೆದುಕೊಂಡಿದ್ದ ಸದಸ್ಯ, ಅಲ್ಲೇ ನೀರಿನ ಹಂಡೆಯ ಹತ್ತಿರ ಇದ್ದವನು, ಅವನೂ ನೋಡಿದ. ಅಪ್ಪ ತಲೆ ಎತ್ತಿದ. ಎದ್ದು ಬಂದ. ಅವ್ವನ ಮುಖದಿಂದ ಸೆರಗು ತಾನಾಗಿ ಸರಿದಿತ್ತು. ಅಪ್ಪ ಹಂಡೆಯ ಮೇಲಿದ್ದ ತಂಬಿಗೆಯನ್ನು ತೆಗೆದು ಅವಳ ಕೈಗಿಟ್ಟ. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ:

"ಇವ್ರು ನಮ್ಮ ಮನ್ಯಾವ್ರು. ತೋರಿಸ್ಲಿಕ್ಕ ಬಂದಿಲ್ಲ, ಸೇವಾ ಮಾಡ್ಲಿಕ್ಕ ಬಂದಾರ. ಸಾಲಿನಾಗ ನಿಂತೋರಿಗಿ ನೀರ ಕೊಡ್ತಾರ."

ಯಾರೋ ಚಪ್ಪಾಳೆ ತಟ್ಟಿದರು. ಅವ್ವ ತಂಬಿಗೆ ಹಿಡಿದು ಸಾಲಿನ ಉದ್ದಕ್ಕೂ ನೀರು ಕೊಟ್ಟಳು. ಬದಿಗೆ ನಿಂತವರು ಕಾಣದೆ ಅರ್ಧ ಜನರನ್ನು ಬಿಟ್ಟೇ ಮುಂದೆ ಹೋಗುತ್ತಿದ್ದಳು. ನಾನು ಸೆರಗು ಜಗ್ಗಿ ಜಗ್ಗಿ ತೋರಿಸುತ್ತಿದ್ದೆ.

ಮಧ್ಯಾಹ್ನ ಡಾಕ್ಟರು ನಮ್ಮ ಮನೆಗೆ ಊಟಕ್ಕೆ ಬಂದಾಗ ಅಪ್ಪ ಅವರನ್ನು ಅಡುಗೆಮನೆಗೆ ಕರೆದುಕೊಂಡು ಬಂದ. ಕೈ ತೊಳೆದ ಡಾಕ್ಟರು ನಿಂತಲ್ಲೇ ಬ್ಯಾಟರಿ ಹಾಕಿ ನೋಡಿ, ಮೋತಿಬಿಂದು ಇಲ್ಲ, ಆದರೂ ಯಾವಾಗಲಾದರೂ ಸೋಲಾಪುರಕ್ಕೆ ಬನ್ನಿ, ಯಂತ್ರ ಹಚ್ಚಿ ನೋಡೋಣ ಎಂದರು. ಮೋತಿಬಿಂದು ಇಲ್ಲ ಎಂಬುದಷ್ಟೇ ನಮ್ಮ ಮನೆಯವರ ಕಿವಿಗೆ ಬಿತ್ತು. ಶಿಬಿರ ಮುಗಿದ ಮೇಲೆ ಲಗ್ನಸರಾಯಿ ಬಂತು, ಮದುವೆಗಳ ಭರಾಟೆ, ಬಟ್ಟೆ ಅಂಗಡಿಗೆ ಬಿಡುವಿಲ್ಲದ ಕಾಲ. ಆಮೇಲೆ ದೀಪಾವಳಿ. ಮುಂದಿನ ಸುಗ್ಗಿಯ ಹೊತ್ತಿಗೆ ಅವ್ವ ಜೋಳಿಗೆ ಹೊಲಿಯಲು ಕೂತು, ಸೂಜಿಯ ಕಣ್ಣು ಸಿಗದೆ ಮತ್ತೆ ಮತ್ತೆ ಬೆರಳಿನಿಂದ ತಡಕಿದಳು. ನಾನು ದಾರ ಏರಿಸಿ ಕೊಟ್ಟೆ. ಅದನ್ನೂ ಅವಳು ಕೈಯಿಂದ ತಡವಿ ತೆಗೆದುಕೊಂಡಳು.

ಮರುದಿನವೇ ಅಪ್ಪ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಸೋಲಾಪುರದ ಬಸ್ಸು ಹತ್ತಿದ. ಡಾಕ್ಟರು ಇದು ಕಾಚಬಿಂದು ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತದೆ, ಸುತ್ತಲಿಂದ ಕತ್ತಲೆ ಬರುತ್ತ ಬರುತ್ತ ನಡುವಿನದೂ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಕಳೆದ ವರ್ಷ ಯಂತ್ರ ಹಚ್ಚಿದ್ದರೆ ಗೊತ್ತಾಗುತ್ತಿತ್ತು, ದಿನಾ ಹನಿ ಹಾಕಿಕೊಂಡು ಇದ್ದಷ್ಟನ್ನು ಉಳಿಸಿಕೊಳ್ಳಬಹುದಿತ್ತು ಎಂದೂ ಹೇಳಿದರು. ಅಪ್ಪ ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವ ಅವನನ್ನು ಹುಡುಕುತ್ತ ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು. ನಾನು ಅವಳ ಕೈಯನ್ನು ಅಪ್ಪನ ಹೆಗಲಿಗೆ ಮುಟ್ಟಿಸಲಿಲ್ಲ. ನನ್ನ ಹೆಗಲಿಗೆ ಇಟ್ಟುಕೊಂಡೆ.

ಅಂದಿನಿಂದ ನಾನು ಅಪ್ಪನನ್ನು ಬಿಟ್ಟೆ. ಒಂದೇ ಮನೆಯಲ್ಲಿದ್ದು ಬಿಡುವುದು ಹೇಗೆಂದು ಕಲಿತೆ. ಕೇಳಿದ್ದಕ್ಕೆ ಉತ್ತರ, ಬೇಡಿದ್ದಕ್ಕೆ ನೀರು, ಅದಕ್ಕಿಂತ ಹೆಚ್ಚಿಲ್ಲ. ಅವನು ಅಧ್ಯಕ್ಷಗಿರಿ ಬಿಟ್ಟ, ಪಡಸಾಲೆಯ ಗೂಡುಗಳನ್ನು ಖಾಲಿ ಮಾಡಿಸಿದ, ರೊಟ್ಟಿ ಬಡಿಯಲು ಕಲಿತ. ಬೆಳಿಗ್ಗೆ ಅವ್ವನನ್ನು ಹೊಸ್ತಿಲ ಹತ್ತಿರ ಕೂಡಿಸಿಕೊಂಡು ತಲೆ ಬಾಚಿ ಜಡೆ ಹಾಕುತ್ತಿದ್ದ. ಪೇಟೆಯ ಗಂಡಸರು ನೋಡಿ ನಗುತ್ತಿದ್ದರು, ಅವನಿಗೆ ಅದರ ಪರಿವೆ ಇರಲಿಲ್ಲ. ನನ್ನ ಮನಸ್ಸು ಕರಗಲಿಲ್ಲ. ಮಾಡಿದ್ದನ್ನು ತೀರಿಸುತ್ತಿದ್ದಾನೆ, ತೀರಿಸಲಿ ಎಂದುಕೊಂಡೆ. ನಾನು ಕೂಗಿದ್ದು ನನಗೆ ನೆನಪಿತ್ತು. ಆದರೆ ಕೂಗದಿದ್ದರೂ ನಾಲ್ಕು ಹೆಂಗಸರಾದ ಮೇಲೆ ಅವ್ವ ಅವನ ಮೇಜಿನ ಮುಂದೆ ನಿಲ್ಲಲೇಬೇಕಿತ್ತು, ಆಗಲೂ ಅವನು ತಂಬಿಗೆಯನ್ನೇ ಕೊಡುತ್ತಿದ್ದ ಎಂದು ನನಗೆ ನಾನೇ ಯಾವತ್ತೋ ತೀರ್ಪು ಹೇಳಿಕೊಂಡಿದ್ದೆ. ಲಗ್ನವಾಗಿ ಕಲಬುರಗಿಗೆ ಹೋದೆ. ಫೋನು ಮಾಡಿದಾಗ ಅವನೇ ಎತ್ತಿದರೆ "ಅವ್ವಗ ಕೊಡ್ರಿ" ಎನ್ನುತ್ತಿದ್ದೆ. ಹದಿನೈದು ವರ್ಷ ಅವನು "ಹೂಂ, ಕೊಡ್ತೀನಿ ತಾಯಿ" ಎಂದು ಕೊಟ್ಟ.

ಕಳೆದ ವರ್ಷ ಅಪ್ಪ ತೀರಿಕೊಂಡ. ಗಣಾರಾಧನೆಯ ಊಟಕ್ಕೆ ಹಳೆಯ ಮಂಡಳದವರೆಲ್ಲ ಬಂದಿದ್ದರು. ನಿಲಂಗಾದವರು, ಉದಗೀರದವರು, ಕೋಲೂರಿಕೊಂಡು ಪಾಟೀಲ ಕಾಕಾ. ಪಡಸಾಲೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಅಪ್ಪನನ್ನು ಹೊಗಳಿದರು. ಎಷ್ಟು ಜನರಿಗೆ ಬೆಳಕು ಕೊಟ್ಟ ಮನುಷ್ಯ ಎಂದರು. ನಾನು ಕೋಣೆಯಲ್ಲಿ ಅವ್ವನ ಪಕ್ಕ ಕೂತು ಕೇಳಿ ಕೇಳಿ ತಡೆಯಲಾರದೆ ಅಂದುಬಿಟ್ಟೆ.

"ಊರಿಗೆಲ್ಲ ಬೆಳಕ ಕೊಟ್ಟಾನಂತ. ನಿನ್ನ ಕಣ್ಣ ತಿಂದದ್ದು ಯಾರೂ ಹೇಳವಲ್ರು."

ಅವ್ವ ನನ್ನ ಕಡೆ ಮುಖ ತಿರುಗಿಸಿದಳು.

"ಹಂಗ ಅನಬ್ಯಾಡ. ಇಷ್ಟ ದಿನ ಅವ್ರು ಇದ್ರು, ನಿನ್ನ ಸಿಟ್ಟ ಹೊತ್ಕೊಂಡ್ರು. ಈಗ ಅವ್ರಿಲ್ಲ. ಇನ್ನ ನನಗ ಕೇಳ್ಕೊಂಡು ಕೂಡ್ಲಿಕ್ಕ ಆಗಾಂಗಿಲ್ಲ."

"ಸಾಲಿನಾಗಿಂದ ಎಳದು ತಂಬಿಗಿ ಕೊಡ್ಲಿಲ್ಲೇನು ನಿನಗ?"

"ಅದಕ್ಕೂ ಮೊದಲ ಅವ್ರು ನನಗ ನೋಡ್ಯಾರ. ನೀ ಕೂಗೂಕಿಂತ ಮೊದಲ. ಸೆರಗಿನ ಸಂದಿನಾಗಿಂದ ನನಗ ನೇರ ಕಾಣ್ತಿತ್ತಲ್ಲ ಆಗ. ತಲಿ ಎತ್ತಿ ನನ್ನೇ ನೋಡಿದ್ರು, ಆಮ್ಯಾಲ ತಲಿ ಕೆಳಗ ಹಾಕಿ ಒಂದು ಚೀಟಿ ಬರದು ಅಂಗೈ ಕೆಳಗ ಇಟ್ಕೊಂಡ್ರು. ಸಂಜಿಗಿ ಮನ್ಯಾಗ ಅದು ನನಗ ತೋರ್ಸ್ಯಾರ. ನನ್ನ ತವರಿನ ಹೆಸರ ಬರದಿದ್ರು. ಸುಗಲಾಬಾಯಿ, ಕಲ್ಯಾಣ ಅಂತ. ಲಗ್ನದಾಗ ಹೆಸರ ಬದ್ಲಿ ಮಾಡಿದ ಮ್ಯಾಲ ಈ ಊರಾಗ ಆ ಹೆಸರ ಯಾರಿಗಿ ಗೊತ್ತಿತ್ತು? ನಾ ಅವ್ರ ಮುಂದ ಹೋಗಿ ನಿಂತಿದ್ರ ಸುಮ್ಮ ಚೀಟಿ ಕೊಟ್ಟು ಒಳಗ ಕಳಸೋರು. ಅಷ್ಟ್ರಾಗ ನೀ ಕೂಗಿದಿ. ಎಲ್ಲಾರೂ ನೋಡಿದ್ರು."

ಪಡಸಾಲೆಯಲ್ಲಿ ಪಾಟೀಲ ಕಾಕಾ ಏನೋ ಹೇಳಿ ಎಲ್ಲರೂ ಮೆಲ್ಲಗೆ ನಕ್ಕರು. ಅವ್ವ ಕೈ ಚಾಚಿ ನನ್ನ ಮೊಣಕಾಲು ಹುಡುಕಿದಳು.

"ಮುಂದ ಒಂದು ವರ್ಷ ದವಾಖಾನಿಗಿ ಒಯ್ಲಿಲ್ಲ, ಅದು ಅವ್ರ ತಪ್ಪು. ಅದಕ್ಕ ನನ್ನ ಮುಂದ ಕೂತು ಎಷ್ಟೋ ಸಲ ಅತ್ತಾರ. ಆದ್ರ ಆ ದಿನದ್ದು ಅವ್ರದಲ್ಲ."

"ಮತ್ತ ನನಗ ಯಾಕ ಹೇಳ್ಲಿಲ್ಲವ್ವಾ? ಇಷ್ಟ ವರ್ಷ?"

"ಆಣಿ ಹಾಕ್ಸಿದ್ರು. ಸೋಲಾಪುರದಿಂದ ಬಂದ ದಿನ. ಕೂಸಿಗಿ ಹೇಳಬ್ಯಾಡ ಅಂದ್ರು. ಕೂಸಿನ ಸಿಟ್ಟ ನನ್ನ ಮ್ಯಾಲೇ ಇರ್ಲಿ, ತನ್ನ ಮ್ಯಾಲೇ ತಿರುಗಿತಂದ್ರ ಅದು ಹ್ಯಾಂಗ ಬದಕ್ತದ ಅಂದ್ರು."

ಹೊರಗೆ ಎರಡನೆಯ ಪಂಕ್ತಿ ಕೂತಿತ್ತು. ಮಗಳೇ ಬಂದು ಬಡಿಸಲು ಶುರು ಮಾಡಬೇಕೆಂದು ಯಾರೋ ನನ್ನನ್ನು ಕರೆಯುತ್ತಿದ್ದರು. ನನಗೆ ಏಳಲಾಗಲಿಲ್ಲ. ಅವ್ವ ಗೋಡೆ ಹಿಡಿದು ಎದ್ದು, ದಾರಿ ತಡವಿಕೊಂಡು, ನನ್ನ ಬದಲು ತಾನೇ ಬಡಿಸಲು ಹೋದಳು.